ಕುತ್ತಿಗೆಯಿಲ್ಲದ ಗಾಡಿ

ಮಹಾಗಾಂವ ಕ್ರಾಸಿಗೆ ಮೊದಲು ಸಿಗುವ ಇಳಿಜಾರಿನಲ್ಲಿ ನಮ್ಮ ಟ್ರೇಲರು ಎಷ್ಟು ಹೊಯ್ದಾಡಿತು ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ಪಕ್ಕದ ಕನ್ನಡಿಯಲ್ಲಿ ಅದರ ಇಡೀ ಬದಿ ಕಂಡಿತು, ಎದುರಿನಿಂದ ಬಂದ ಬಸ್ಸು ರಸ್ತೆ ಬಿಟ್ಟು ಮಣ್ಣಿಗಿಳಿದು ನಮ್ಮನ್ನು ದಾಟಿತು ಎಂದು ನನ್ನ ನೆನಪು. ಗಾಡಿ ಓಡಿಸುತ್ತಿದ್ದ ನಮ್ಮ ಅಕ್ಕನ ಗಂಡ, ಬಸ್ಸೇ ಇರಲಿಲ್ಲ, ಅದು ತೊಗರಿ ತುಂಬಿದ ಟ್ರ್ಯಾಕ್ಟರು, ಅದೂ ದೂರದಲ್ಲಿತ್ತು ಎನ್ನುತ್ತಾರೆ. ಒಂದೇ ಸೀಟಿನಲ್ಲಿ ಮೊಳಕೈ ತಾಗಿಸಿಕೊಂಡು ಕೂತಿದ್ದವರು ನಾವು. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಕಣ್ಣಾರೆ ಕಂಡವನ ಮಾತನ್ನೂ ಒರೆಗೆ ಹಚ್ಚಬೇಕು ಎಂದು ಹುಡುಗರಿಗೆ ವರ್ಷವರ್ಷವೂ ಹೇಳುತ್ತೇನೆ. ಆದ್ದರಿಂದ ಈ ಎರಡು ದಿನಗಳ ಪ್ರಯಾಣವನ್ನು ನೆನಪಿದ್ದಂತೆ ಬರೆದು, ಬೇರೆಯವರು ಒಪ್ಪದಿರುವ ಜಾಗಗಳನ್ನು ಅಲ್ಲಲ್ಲೇ ತಿಳಿಸಿಬಿಡುವುದು ಒಳ್ಳೆಯದು.

ಹೊರಟದ್ದು ಚಳಿಗಾಲದ ಒಂದು ಶನಿವಾರ ಮಧ್ಯಾಹ್ನ. ಜೇವರ್ಗಿ ಕಾಲೋನಿಯ ನಮ್ಮ ಮನೆಯಿಂದ ಕೋಟನೂರಿಗೆ ಆಟೋದವನು ಎಂಬತ್ತು ರೂಪಾಯಿ ಕೇಳಿ ಅರವತ್ತಕ್ಕೆ ಬಂದ. ಕೋಟನೂರಿನ ಮುಖ್ಯರಸ್ತೆಗೆ ಹತ್ತಿಕೊಂಡೇ ಗಫೂರ್ ಉಸ್ತಾದರ ಕಾರ್ಖಾನೆ. ತಗಡಿನ ಸೂರು, ಅದರ ಮುಂದೆ ಬಣ್ಣಕ್ಕೆ ಕಾದು ನಿಂತ ಟ್ರ್ಯಾಕ್ಟರ್ ಟ್ರಾಲಿಗಳು. ಅವುಗಳ ನಡುವೆ ಎತ್ತರದ ಚಕ್ರದ, ಗಿಡ್ಡ ಮೈಯ ಒಂದು ಗಾಡಿ ಬೇರೆ ಜಾತಿಯದೆಂದು ದೂರದಿಂದಲೇ ಗೊತ್ತಾಗುತ್ತಿತ್ತು. ಸೈನ್ಯದವರು ಬೇಡವೆಂದು ಹರಾಜು ಹಾಕಿದ ಎರಡು ಚಕ್ರದ ಸಾಮಾನಿನ ಟ್ರೇಲರು ಅದು. ನಮ್ಮ ಮಾಮಾ, ಅಂದರೆ ಅಕ್ಕನ ಗಂಡ ರೇವಣಸಿದ್ಧಪ್ಪ, ಅದನ್ನು ಹೈದರಾಬಾದಿನ ಗುಜರಿಯವನೊಬ್ಬನಿಂದ ಕೊಂಡು ಲಾರಿಯಲ್ಲಿ ತರಿಸಿದ್ದರು. ಕಾಗದಪತ್ರ ಸರಿಮಾಡಿಸಲು ಅವರು ಓಡಾಡಿದ ಕಥೆ ಬೇರೆಯೇ ಒಂದು ಪ್ರವಾಸ ಕಥನವಾದೀತು.

ಕಮಲಾಪುರದಲ್ಲಿ ಅವರದು ಕೆಂಪು ಬಾಳೆಯ ತೋಟ. ಆ ಗೊನೆಯನ್ನು ಒಂದರ ಮೇಲೊಂದು ಪೇರಿಸುವಂತಿಲ್ಲ. ಸಿಪ್ಪೆ ಒತ್ತಿದಲ್ಲಿ ಕಪ್ಪಾಗಿ ವ್ಯಾಪಾರಿ ಮುಖ ತಿರುಗಿಸುತ್ತಾನೆ. ಪಿಕಪ್ಪಿನಲ್ಲಿ ಜಾಗ ಸಾಲದು, ಹಿಂದೆ ಇನ್ನೊಂದು ನೆಲ ಬೇಕು. ಅದಕ್ಕೆ ಈ ಟ್ರೇಲರು.

ಉಸ್ತಾದರು ಮಾಡಿದ ಕೆಲಸವನ್ನು ಸುತ್ತು ಬಂದು ನೋಡಿದೆ. ಸೈನ್ಯದ ಟ್ರಕ್ಕು ಎತ್ತರ, ಪಿಕಪ್ಪು ಗಿಡ್ಡ. ಹಾಗಾಗಿ ಗಾಡಿಯ ಮುಂದೆ ಚಾಚಿಕೊಂಡಿದ್ದ ದಂಡವನ್ನು ತಗ್ಗಿಸಿ, ಅದರ ತುದಿಯ ದಪ್ಪ ಕಬ್ಬಿಣದ ಬಳೆ ಪಿಕಪ್ಪಿನ ಹಿಂದಿನ ಕೊಂಡಿಗೆ ಸರಿಯಾಗಿ ಕೂರುವಂತೆ ಮಾಡಿದ್ದರು. ಪಿಕಪ್ಪಿನ ಅಳತೆಯ ಚಕ್ರಗಳನ್ನೇ ಹಾಕಿ, ಎರಡಕ್ಕೂ ಒಂದೇ ಸ್ಟೆಪ್ನಿ ಸಾಕು ಎಂದರು. ಕಲ್ಲುಬಂಡೆ ಹೊರುವಷ್ಟು ಬಿರುಸಾಗಿದ್ದ ಸ್ಪ್ರಿಂಗಿನ ಕಮಾನುಪಟ್ಟಿಗಳಲ್ಲಿ ಎರಡೆರಡನ್ನು ತೆಗೆದಿದ್ದರು. ದೀಪಗಳ ಬಲ್ಬು ಬದಲಾಗಿತ್ತು, ಏಕೆಂದರೆ ಸೈನ್ಯದ ಕರೆಂಟು ಇಪ್ಪತ್ತನಾಲ್ಕು ವೋಲ್ಟು, ನಮ್ಮದು ಹನ್ನೆರಡು. ತಳಕ್ಕೆ ಹಲಗೆ ಹಾಸಿತ್ತು. ಹಸಿರು ಹೋಗಿ ಮೈಯೆಲ್ಲ ಇಟ್ಟಂಗಿ ಕೆಂಪಾಗಿತ್ತು.

"ಫೌಜಿನ ಹಸಿರು ನಾವು ಇಟ್ಕೋಳಂಗಿಲ್ಲ ಸಾಬ್, ಕಾನೂನ್ ಅದ" ಎಂದರು ಉಸ್ತಾದರು. "ಪೆಹಲೇ ಟ್ರಕ್ಕಿನ ಹಿಂದ ಗುಡ್ಡ ಹತ್ತಿದ್ದು ಇದು. ಈಗ ಬಾಳಿಹಣ್ಣ ಕಾಯ್ಬೇಕು. ಸಿಪಾಯಿ ರಿಟೈರ್ ಆಗಿ ವಾಚ್‌ಮನ್ ಆದಂಗ."

"ವಾಚ್‌ಮನ್ ಆದ್ರೂ ಮೀಸಿ ಇಳಿಸಿಲ್ಲ ನೋಡ್ರಿ" ಎಂದು ಮಾಮಾ ಆ ದಪ್ಪ ಬಳೆಯನ್ನು ತಟ್ಟಿದರು.

ಮಾಮಾ ಊರಿನಿಂದ ತಂದಿದ್ದ ಪಿಕಪ್ಪಿಗೆ ಟ್ರೇಲರು ಸಿಕ್ಕಿಸಿ ಹೊರಡುವಾಗ ಉಸ್ತಾದರು ಕಿಟಕಿಯ ಬಳಿ ಬಂದು, "ವಜನ್ ಜರಾ ಮುಂದ ಇರ್ಲಿ" ಎಂದರೆಂದು ನನಗೆ ನೆನಪು. ಮಾಮಾ ತಾವು ಅದನ್ನು ಕೇಳಿಸಿಕೊಂಡೇ ಇಲ್ಲ ಎನ್ನುತ್ತಾರೆ. ತಿಂಗಳ ನಂತರ ಉಸ್ತಾದರನ್ನೇ ಕೇಳಿದೆ. "ಬೋಲಾ ಹೋಂಗಾ ಸಾಬ್. ಎಲ್ಲಾರಿಗೂ ಹೇಳ್ತೀನಿ, ಯಾರಿಗೆ ಹೇಳ್ದೆ ಅಂತ ಹೆಂಗ ನೆನಪಿರ್ಬೇಕು?" ಎಂದು ನಕ್ಕರು. ಆ ಸಾಕ್ಷ್ಯವೂ ಅಷ್ಟಕ್ಕೇ ಮುಗಿಯಿತು.

ಕಲಬುರಗಿಯಿಂದ ಕಮಲಾಪುರ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ರಿಂಗ್ ರಸ್ತೆ ಹಿಡಿದು ಊರಿನ ಗದ್ದಲ ತಪ್ಪಿಸಿ ಹುಮನಾಬಾದ್ ರಸ್ತೆಗೆ ಬಿದ್ದೆವು. ಎರಡೂ ಬದಿಯ ಹೊಲಗಳಲ್ಲಿ ತೊಗರಿ ಕೊಯ್ಲು ನಡೆದಿತ್ತು. ರಾಶಿ ಯಂತ್ರದ ಧೂಳು ರಸ್ತೆಯವರೆಗೆ ಬರುತ್ತಿತ್ತು. ಖಾಲಿ ಟ್ರೇಲರು ಹಿಂದೆ ಡಬ್ಬದಂತೆ ಸದ್ದು ಮಾಡುತ್ತಿತ್ತು. ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ಮಾಮಾ ನಿಜವಾದ ವಿಷಯ ತೆಗೆದರು.

ಅವರ ತಂದೆಯನ್ನು ಊರೆಲ್ಲ ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತದೆ. ಎಂಬತ್ತರ ಹತ್ತಿರದ ವಯಸ್ಸು. ಆಯುಷ್ಯವಿಡೀ ಎತ್ತಿನ ಬಂಡಿ ಹೊಡೆದವರು. ಎರಡು ವರ್ಷದ ಹಿಂದೆ ಎತ್ತು ಮಾರಿದ ಮೇಲೆ ಕಟ್ಟೆಗೆ ಕೂತವರು ಎದ್ದಿರಲಿಲ್ಲ. ಊಟ ಕಡಿಮೆಯಾಯಿತು, ಮಾತು ನಿಂತಿತು. ತೋಟಕ್ಕೆ ಬಾ ಎಂದರೆ, ಅಲ್ಲಿ ನನಗೇನು ಕೆಲಸ ಎನ್ನುತ್ತಿದ್ದರಂತೆ. ಟ್ರೇಲರಿನ ಸುದ್ದಿ ಬಂದಾಗ ಮೊದಲ ಸಲ ತಾವಾಗಿ ಕೇಳಿದರು: ಚಕ್ರ ಎಷ್ಟು? ಎರಡು ಎಂದರು ಮಾಮಾ.

"ಎರಡು ಚಕ್ರ ಅಂದ್ರ ಬಂಡಿ ಆತಲ್ಲ. ಬಂಡಿ ಹೇರೋದು ನಿಮಗ್ಯಾರಿಗಿ ಬರ್ತದ? ನಾನೇ ಹೇರ್ತೀನಿ ಅಂದ ಅಪ್ಪ. ಅವತ್ತು ಎರಡು ರೊಟ್ಟಿ ಹೆಚ್ಚು ಉಂಡಾನ" ಎಂದರು ಮಾಮಾ. ಚಹಾದ ಲೋಟ ಇಟ್ಟು, "ನಿನಗ ಎಲ್ಲಾದಕ್ಕೂ ಯಾಕ, ಹೆಂಗ ಅನ್ನೋ ಚಟ ಅದ. ನಾಳಿ ಅಪ್ಪ ಹೇರೋ ಮುಂದ ಬಾಯಿ ಮುಚ್ಕೊಂಡು ನಿಂದ್ರು" ಎಂದೂ ಸೇರಿಸಿದರು.

ಮರುದಿನ ಬೆಳಿಗ್ಗೆ ನಾನು ಬಾಯಿ ಮುಚ್ಚಿಕೊಂಡೇ ನಿಂತಿದ್ದೆ. ತೋಟದ ಕೆಂಪು ಮಣ್ಣು ಇಬ್ಬನಿಗೆ ಮೆತ್ತಗಾಗಿತ್ತು. ಕಡಿದ ಗೊನೆಗಳನ್ನು ಆಳುಗಳು ಹೊತ್ತು ತಂದಂತೆ ಮುತ್ಯಾ ಟ್ರೇಲರಿನೊಳಗೆ ನಿಂತು ಒಂದೊಂದನ್ನು ಮಲಗಿಸಿದರು. ಎಡಗೈಯಿಂದ ಗೊನೆಯ ತಲೆ, ಬಲಗೈಯಿಂದ ಬುಡ. ಆ ಬಲಗೈಯ ಕಿರುಬೆರಳು ನೆಟ್ಟಗಾಗುವುದಿಲ್ಲ. ಹಿಂದೊಮ್ಮೆ ಬಂಡಿಯ ಗಾಲಿಗೆ ಸಿಕ್ಕಿ ಒಳಕ್ಕೆ ಬಾಗಿದ್ದು ಹಾಗೆಯೇ ಉಳಿದಿದೆ. ಮುಂದಿನ ಮೂಲೆಯಲ್ಲಿ ಅವರು ಏನೂ ಇಡಲಿಲ್ಲ, ಅದರ ಅಂಚಿಗೆ ಗೋಣಿಚೀಲ ಸುತ್ತಿ ಅಡ್ಡ ಇಟ್ಟರು. ತೂಕದ ಗೊನೆಗಳೆಲ್ಲ ಹಿಂದಕ್ಕೆ ಹೋದವು.

ಅಕ್ಕ ಬಾಗಿಲಲ್ಲಿ ನಿಂತು, "ಮಾವ, ಇಳೀರಿ, ಚಹಾ ಆರ್ಲಾಕತ್ತದ" ಎಂದು ಎರಡು ಸಲ ಕರೆದಳು.

"ಆರಲಿ. ಎರಡ ವರ್ಷ ಬಿಸಿ ಚಹಾನೇ ಕುಡದೀನಿ" ಎಂದರು ಮುತ್ಯಾ.

ಹೇರಿದ ಮೇಲೆ ಕೆಳಗಿಳಿದು, ದಂಡದ ಬಳೆಯ ಕೆಳಗೆ ಬರೀ ಎಡಗೈ ಕೊಟ್ಟು ಎತ್ತಿದರು. ಅಷ್ಟು ಭಾರದ ಗಾಡಿಯ ಮೂತಿ ತೊಟ್ಟಿಲಂತೆ ಮೇಲೆದ್ದಿತು. ನನ್ನತ್ತ ನೋಡಿ, "ಬಾ ಮಾಸ್ತರ, ನೀನೂ ಎತ್ತು" ಎಂದರು. ನಾನೂ ಒಂದೇ ಕೈಯಲ್ಲಿ ಎತ್ತಿದೆ.

"ಇದಕ್ಕ ಹೇರೋದು ಅಂತಾರ. ಎತ್ತಿನ ಹೆಗಲ ಮ್ಯಾಲ ವಜ್ಜಿ ಬೀಳಬಾರದು. ಎಳಿಯೋದು ಅದರ ಕೆಲಸ, ಹೊರೋದಲ್ಲ" ಎಂದರು. ಆಮೇಲೆ ಪಿಕಪ್ಪಿನ ಹಿಂಬದಿಯನ್ನು ಅಂಗೈಯಿಂದ ಸವರಿದರು. ಎತ್ತಿನ ಬೆನ್ನು ಸವರಿದ ಹಳೆಯ ರೂಢಿ ಇರಬೇಕು.

ನನ್ನ ಮನಸ್ಸಿನಲ್ಲಿ ಆಗಲೇ ಅನುಮಾನ ಎದ್ದಿತ್ತು ಎಂದು ಹೇಳಿಕೊಳ್ಳಲು ಆಸೆ. ಆದರೆ ಎದ್ದಿತ್ತೋ, ಮುಂದೆ ನಡೆದದ್ದು ಗೊತ್ತಿರುವುದರಿಂದ ಈಗ ಹಾಗನಿಸುತ್ತಿದೆಯೋ, ತಿಳಿಯದು.

ಊರು ದಾಟಿ ನೇರ ರಸ್ತೆಯಲ್ಲಿ ಎಲ್ಲ ಚೆನ್ನಾಗಿತ್ತು. ಇಳಿಜಾರಿನಲ್ಲಿ ವೇಗ ಅರವತ್ತಕ್ಕೆ ಬಂದಾಗ ಬೆನ್ನ ಹಿಂದೆ ಯಾರೋ ಪಿಕಪ್ಪಿನ ಸೊಂಟ ಹಿಡಿದು ಅಲ್ಲಾಡಿಸಿದಂತಾಯಿತು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಿ. ಕನ್ನಡಿಯಲ್ಲಿ ಕೆಂಪು ಬದಿ ಕಂಡದ್ದು, ಬಸ್ಸೋ ಟ್ರ್ಯಾಕ್ಟರೋ ಎದುರು ಬಂದದ್ದು ಆಗಲೇ. ಮಾಮಾ ಬ್ರೇಕು ಒತ್ತಲಿಲ್ಲ, ಎಕ್ಸಲರೇಟರಿನಿಂದ ಕಾಲು ತೆಗೆದು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದು ಕೂತರು. ಇಳಿಜಾರು ಮುಗಿದಲ್ಲಿ ಗಾಡಿ ತಾನಾಗಿ ಸುಮ್ಮನಾಯಿತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು.

ಟೈರು ನೋಡಿದೆವು, ಕೊಂಡಿ ನೋಡಿದೆವು, ನಟ್ಟು ಬಿಗಿ ಮಾಡಿದೆವು. ಎಲ್ಲ ಸರಿಯಿತ್ತು. ಹಿಂದೆ ಬಂದು ನಿಂತಾಗ ಕಾರಣ ನಮ್ಮ ಮೂಗಿನ ಮುಂದೆಯೇ ಮಲಗಿತ್ತು. ಎತ್ತಿನ ಹೆಗಲಿಗೆ ದಯೆ ತೋರಿಸಿ ಹೇರಿದ್ದ ಗಾಡಿಯ ಮೂತಿ ಹಗುರವಾಗಿತ್ತು, ಬಾಲ ಭಾರವಾಗಿತ್ತು. ಎತ್ತಿನ ನಡಿಗೆಗೆ ಅದು ಗುಣ. ಅರವತ್ತರ ವೇಗಕ್ಕೆ ಅದೇ ಗಂಡಾಂತರ. ಎತ್ತು ಅರವತ್ತರಲ್ಲಿ ಓಡುವುದಿಲ್ಲವಾದ್ದರಿಂದ ಮುತ್ಯಾರಿಗೆ ಅದು ಗೊತ್ತಾಗುವ ದಾರಿಯೇ ಇರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದವನು ನಾನೆಂದು ನಾನೂ, ತಾವೆಂದು ಮಾಮಾನೂ ತಿಳಿದಿದ್ದೇವೆ. ತೂಕದ ಗೊನೆಗಳನ್ನು ಹೊತ್ತು ಮುಂದಿನ ಖಾಲಿ ಮೂಲೆಗೆ ಸಾಗಿಸಿದವರಂತೂ ಇಬ್ಬರೂ. ಪಿಕಪ್ಪಿನ ಹಿಂಬದಿ ನಾಲ್ಕು ಬೆರಳು ಕುಸಿಯಿತು. ಮುಂದೆ ಸ್ಟೇಶನ್ ಬಜಾರದ ತನಕ ಟ್ರೇಲರು ಮಾತು ಕೇಳುವ ಕರುವಿನಂತೆ ಹಿಂಬಾಲಿಸಿತು.

ಬಜಾರದ ಹಿಂದಿನ ಹಣ್ಣಿನ ವಖಾರಿಯಲ್ಲಿ ಗೊನೆ ಇಳಿಸಿದಾಗ ವ್ಯಾಪಾರಿ ಒಂದಕ್ಕೂ ಕೊಂಕು ತೆಗೆಯಲಿಲ್ಲ. ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಗೊಂಡೆವು. ಹೊರಗೆ ರೈಲಿನ ಪ್ರಯಾಣಿಕರಿಗಾಗಿ ಆಟೋದವರ ಕೂಗಾಟ ನಡೆದಿತ್ತು.

"ಒಂದೇ ಸಲದ ಅನುಭವದಿಂದ ಏನೂ ಸಿದ್ಧ ಆಗಂಗಿಲ್ಲ ಮಾಮಾ" ಎಂದೆ ನಾನು. "ಗೊನಿ ಸರಿಸಿದ್ದೂ ಖರೆ, ಆಮ್ಯಾಲ ನೀವು ಸಾವಕಾಶ ಹೊಡದದ್ದೂ ಖರೆ. ಯಾವದರಿಂದ ಸರಿ ಆತು ಅಂತ ಹೇಳೂದು ಹೆಂಗ?"

"ಹಂಗಾದ್ರ ಮತ್ತೊಮ್ಮೆ ಹಿಂದ ಹೇರಿ ಜೋರು ಹೊಡ್ಯೋಣು. ನೀ ಟ್ರೇಲರ್‌ನಾಗ ಕುಂತು ಬರಕೋ."

ನಾನು ಮಿರ್ಚಿ ಕಚ್ಚಿದೆ.

"ತಮಾಷಿ ಇರ್ಲಿ, ಅಪ್ಪಗ ಹೇಳಬ್ಯಾಡ" ಎಂದರು ಅವರು.

"ಹೇಳದಿದ್ರ ಮುಂದಿನ ಸಲಾನೂ ಹಂಗೇ ಹೇರ್ತಾರ."

"ದಾರ್ಯಾಗ ನಿಂದ್ರಿಸಿ ನಾನೇ ಸರಸ್ತೀನಿ."

"ಪ್ರತಿ ಸಲ? ಒಂದು ದಿನ ಮಳಿ ಬರ್ತದ, ಒಂದು ದಿನ ನೀವು ಬ್ಯಾರೆ ಡ್ರೈವರಗ ಕಳಸ್ತೀರಿ. ಅವನಿಗೆ ಏನು ಗೊತ್ತು?"

ಮಾಮಾ ತಟ್ಟೆಯಲ್ಲಿ ಉಳಿದ ಸುಸಲಾವನ್ನು ಬೆರಳಿನಿಂದ ಒಂದು ಕಡೆಗೆ ಒಟ್ಟುಮಾಡಿದರು, ಮತ್ತೆ ಹರಡಿದರು. "ಹೇಳಿದ್ರ ಅಂವ ಮತ್ತ ಕಟ್ಟಿಗಿ ಹೋಗಿ ಕುಂಡ್ರತಾನ. ಈ ಸಲ ಏಳಂಗಿಲ್ಲ" ಎಂದರು. ಎರಡೂ ನಿಜವಾಗಿದ್ದವು. ಹೇಳದಿದ್ದರೆ ರಸ್ತೆಯಲ್ಲಿ ಯಾರಾದರೂ ಸಾಯಬಹುದು, ಹೇಳಿದರೆ ಮನೆಯಲ್ಲಿ. ಕಮಲಾಪುರಕ್ಕೆ ಮರಳುವ ದಾರಿಯಿಡೀ ನಾವು ಬೇರೇನೂ ಮಾತಾಡಲಿಲ್ಲ ಎಂದುಕೊಂಡಿದ್ದೇನೆ. ಮಾಮಾ ಹೇಳುವಂತೆ ನಾನು ದಾರಿಯುದ್ದಕ್ಕೂ ಬಹಮನಿ ಸುಲ್ತಾನರ ತೋಪುಗಾಡಿಗಳ ಬಗ್ಗೆ ಉಪನ್ಯಾಸ ಕೊಟ್ಟೆನಂತೆ.

ಮುತ್ಯಾ ಅಂಗಳದಲ್ಲೇ ಕಾಯುತ್ತಿದ್ದರು. ಗಾಡಿ ನಿಂತದ್ದೇ ಟ್ರೇಲರಿನ ಹಿಂಬಾಗಿಲು ಬಿಚ್ಚಿ ಹಲಗೆ ನೋಡಿದರು. ಕಡಿದ ಬಾಳೆಗೊನೆಯ ಬುಡದಿಂದ ಸೊನೆ ಸುರಿಯುತ್ತದೆ. ಬಟ್ಟೆಗಾಗಲಿ ಕಟ್ಟಿಗೆಗಾಗಲಿ ಹತ್ತಿದರೆ ಕಪ್ಪಗಾಗಿ ತೊಳೆದರೂ ಬಿಡುವುದಿಲ್ಲ. ಇದು ನಮಗಿಬ್ಬರಿಗೂ ಗೊತ್ತಿತ್ತು, ಆದರೆ ಹೊಳೆದಿರಲಿಲ್ಲ. ಹಿಂದಿನ ಹಲಗೆಗಳ ಮೇಲೆ ಕಲೆಯಿತ್ತು. ಅವರು ಖಾಲಿ ಬಿಟ್ಟಿದ್ದ ಮುಂದಿನ ಮೂಲೆಯಲ್ಲಿ ಅದಕ್ಕಿಂತ ಹೆಚ್ಚಿತ್ತು.

"ಗೊನಿ ಯಾರು ಸರಸಿದ್ರು?"

"ರಸ್ತಾ ಖರಾಬ್ ಇತ್ತು ಯಪ್ಪಾ. ತಾವೇ ಜಾರಿದ್ವು" ಎಂದರು ಮಾಮಾ.

"ಹಿಂದ ಇದ್ದದ್ದು ಮುಂದ ಜಾರ್‍ಯಾವ? ಗೋಣಿಚೀಲ ದಾಟಿ?" ಮುತ್ಯಾ ಮಗನನ್ನು ನೋಡಿದರು. "ಬಾಳಿಗೊನಿಗಿ ಕಾಲು ಬಂದಾವ ಅನ್ನು."

ಅಕ್ಕ ಒಳಗಿನಿಂದ ಬಂದಳು. ಆಗ ಯಾರೋ, "ಮುತ್ಯಾ, ಈ ಗಾಡಿಗಿ ಕುತ್ಗಿ ಇಲ್ಲ, ವಜ್ಜಿ ಬಿದ್ರ ನೋಯಂಗಿಲ್ಲ" ಎಂದರು. ಆ ಮಾತು ನನ್ನದೆಂದು ನಾನು ಬಹಳ ದಿನ ನಂಬಿದ್ದೆ. ಅಕ್ಕ, ಅದನ್ನು ಹೇಳಿದ್ದು ತಾನು, ಆದರೆ ತಾನು ಮುತ್ಯಾ ಅನ್ನದೆ ಮಾವ ಎಂದೆ ಎನ್ನುತ್ತಾಳೆ. ಮಾಮಾ ಹೇಳುವುದು ಮೂರನೆಯದು: ಅಪ್ಪನೇ ಪಿಕಪ್ಪಿನ ಹಿಂಬದಿಗೆ ಕೈಯಿಟ್ಟು, "ಇದಕ್ಕ ಕುತ್ಗಿ ಇಲ್ಲಲ್ಲ" ಎಂದು ತನಗೆ ತಾನೇ ಅಂದುಕೊಂಡನಂತೆ. ಮಾತು ಆಡಲಾಯಿತು ಎಂಬುದಷ್ಟೇ ಮೂವರಿಗೂ ಸಮ್ಮತ.

ಆಮೇಲೆ ಮಾಮಾ ಇಳಿಜಾರಿನಲ್ಲಿ ಆದದ್ದನ್ನೆಲ್ಲ ಹೇಳಿದರು. ಮುತ್ಯಾ ದಂಡದ ಮೇಲೆ ಕೂತು ಕೇಳಿದರು. ಕೊನೆಗೆ, "ನಿಮಗಿಬ್ಬರಿಗೂ ಏನಾಗಿಲ್ಲಲ್ಲ?" ಎಂದರು. ಇಲ್ಲ ಎಂದೆವು. "ಹಂಗಾದ್ರ ನಂದು ಮುಗೀತು ಬಿಡು" ಎಂದು ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಟ್ಟೆಯ ಕಡೆ ನಡೆದರು. ರಾತ್ರಿ ಅಕ್ಕ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದರು.

ಸೋಮವಾರ ಬೆಳಿಗ್ಗೆ ಕಾಲೇಜಿತ್ತು. ಹುಮನಾಬಾದ್ ಕಡೆಯಿಂದ ಬಂದ ಬಸ್ಸು ಹತ್ತಿ ನಿಂತೇ ಕಲಬುರಗಿಗೆ ಬಂದೆ. ನಾನು ಹೊರಟಾಗ ಮುತ್ಯಾ ಕಟ್ಟೆಯ ಮೇಲಿದ್ದರು. ಕೈ ಎತ್ತಿದೆ, ಅವರು ನೋಡಲಿಲ್ಲ, ಅಥವಾ ಬಿಸಿಲಿಗೆ ನಾನು ಕಾಣಲಿಲ್ಲ.

ವಾರ ಬಿಟ್ಟು ಅಕ್ಕನಿಗೆ ಫೋನು ಮಾಡಿದೆ. ಇನ್ನೊಂದು ಲೋಡು ಹೋಯಿತು, ಸುಸೂತ್ರವಾಗಿ ಮುಟ್ಟಿತು ಎಂದಳು.

"ಹೇರಿದ್ದು ಯಾರು?"

"ಮತ್ತ್ಯಾರು? ಮಾವನೋರು."

"ಖರೆ ಹೇಳಕ್ಕ."

"ನಿನಗ ಸುಳ್ಳು ಹೇಳಿ ನನಗೇನು ಬರ್ತದೋ ತಮ್ಮಾ?"

ಬರುವುದು ಇತ್ತು. ತಮ್ಮನ ಮನಸ್ಸು ಹಗುರ ಮಾಡಲು ಸುಳ್ಳು ಹೇಳಬಲ್ಲವಳು ಆಕೆ, ಚಿಕ್ಕಂದಿನಿಂದ ಬಲ್ಲೆ. ಹಾಗಾಗಿ ಬೇಸಿಗೆ ರಜೆ ಬಂದ ಕೂಡಲೇ ಕಮಲಾಪುರಕ್ಕೆ ಹೋದೆ, ಮುಂಚಿತವಾಗಿ ತಿಳಿಸದೆ. ಟ್ರೇಲರು ಅಂಗಳದಲ್ಲಿ ಖಾಲಿ ನಿಂತಿತ್ತು. ಸೊನೆಯ ಕಲೆಗಳ ಮೇಲೆ ಕಲೆ ಬಿದ್ದು ಮುಂದಿನ ಅರ್ಧ ಹಲಗೆಯೆಲ್ಲ ಕಪ್ಪಾಗಿತ್ತು. ಆ ಕಪ್ಪಿನ ಹಿಂದೆ, ಹಲಗೆಗಳಿಗೆ ಅಡ್ಡಲಾಗಿ, ಉಸ್ತಾದರು ಕೊಟ್ಟು ಕಳಿಸಿದ್ದ ಡಬ್ಬಿಯಲ್ಲಿ ಉಳಿದಿದ್ದ ಅದೇ ಇಟ್ಟಂಗಿ ಕೆಂಪಿನಲ್ಲಿ ಒಂದು ಗೆರೆ ಎಳೆದಿತ್ತು. ಚಕ್ರದ ಅಚ್ಚಿನ ನೇರಕ್ಕೆ ಹಲಗೆಯಲ್ಲಿ ಒಂದು ಬೋಲ್ಟಿದೆ. ಗೆರೆ ಅದಕ್ಕಿಂತ ತುಸು ಮುಂದಿತ್ತು. ತೂಕದ ಗೊನೆ ಗೆರೆಯಿಂದ ಮುಂದೆ, ಸಣ್ಣವು ಹಿಂದೆ ಎಂದರು ಮಾಮಾ. ಯಾರೇ ಹೇರಿದರೂ ತಪ್ಪುವಂತಿರಲಿಲ್ಲ.

"ಗೆರಿ ಎಳದದ್ದು ಯಾರು?" ಎಂದೆ.

"ಅಪ್ಪ. ನಾಕು ದಿನ ಮಾತಾಡಲಿಲ್ಲ. ಐದನೇ ದಿನ ಬೆಳಿಗ್ಗೆ ನಾನು ಎದ್ದು ನೋಡಿದ್ರ ಗೊನಿ ಒಳಗ ಇಡೋದು, ಮೂತಿ ಎತ್ತೋದು, ಮತ್ತ ಸರಸೋದು ನಡ್ಸಿದ್ದ."

ಮಾಮಾ ತಾವೇ ಎಳೆದು ತಂದೆಯ ಹೆಸರು ಹೇಳುತ್ತಿರಬಹುದು. ಮನೆತುಂಬ ಪ್ರೀತಿಯಿರುವ ಕಡೆ ಸಾಕ್ಷಿಗಳನ್ನು ನಂಬುವುದು ಕಷ್ಟ. ಮುತ್ಯಾರಂಥ ಹಳಬರು ಅಳೆಯುವುದು ಗೇಣಿನಲ್ಲಿ. ನಾನು ಗಾಡಿ ಹತ್ತಿ ಬೋಲ್ಟಿನಿಂದ ಗೆರೆಗೆ ಗೇಣು ಹಾಕಿದೆ. ನನ್ನ ಗೇಣು ಗೆರೆ ದಾಟಿ ಹೋಯಿತು. ಮಾಮಾನ ಕೈ ಇಡಿಸಿದೆ. ಅದು ಇನ್ನೂ ದಾಟಿತು.

"ಏನ್ ಅಳೀಲಾಕತ್ತಿ ಮಾಸ್ತರ?" ಎಂಬ ದನಿ ಕೇಳಿತು. ಮುತ್ಯಾ ತೋಟದಿಂದ ಬರುತ್ತಿದ್ದರು. ಅಂಗಿಯ ಹೆಗಲಿನಲ್ಲಿ ಸೊನೆಯ ಕಪ್ಪಿತ್ತು. "ನಾಳಿ ಹೇರತೀನಿ, ಆಗ ಬಂದು ಮೂತಿ ಎತ್ತು. ನಿನಗ ಎತ್ತಲಿಕ್ಕ ಬಂತು ಅಂದ್ರ ನಾ ತಪ್ಪು ಹೇರೀನಿ. ಬರಲಿಲ್ಲ ಅಂದ್ರ ಬರೋಬ್ಬರಿ."

"ಮುತ್ಯಾ, ನಿಮ್ಮ ಬಲಗೈ ಇಲ್ಲಿಡ್ರಿ."

"ಯಾಕ?"

"ಸುಮ್ನ ಇಡ್ರಿ."

ಅವರು ನಗುತ್ತಾ ಗಾಡಿಯ ಬದಿಗೆ ಒರಗಿ ಕೈ ಚಾಚಿದರು. ಹೆಬ್ಬೆರಳು ಬೋಲ್ಟಿನ ಮೇಲೆ ಕೂತಿತು. ಒಳಕ್ಕೆ ಬಾಗಿದ ಕಿರುಬೆರಳಿನ ತುದಿ ಕೆಂಪು ಗೆರೆಯ ಅಂಚಿಗೆ ಬಂದು ನಿಂತಿತು. ಆ ಗೇಣು ಆ ಮನೆಯಲ್ಲಿ ಇನ್ನಾರದೂ ಅಲ್ಲ. ಬಸ್ಸು ಮಣ್ಣಿಗಿಳಿದದ್ದು, ಕುತ್ತಿಗೆಯ ಮಾತು ಆಡಿದವರು ಯಾರೆಂಬುದು ಹೇಗೇ ಇರಲಿ, ಇದನ್ನು ಮಾತ್ರ ನಾನು ಎರಡು ಸಲ ನೋಡಿ ಖಚಿತ ಮಾಡಿಕೊಂಡೆ.